ಬೊಮ್ಮನಹಳ್ಳಿಯಿಂದ ಡೆಸ್ ಪ್ಲೇನ್ಸಿಗೆ

ನಮ್ಮ ಕೂಟದ ಯಾರ ಮನೆಗೆ ಊಟಕ್ಕೆ ಹೋದರೂ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೆ ನಮ್ಮ ಕಣ್ಣು ಪುಸ್ತಕದ ಬೀರುವಿನ ಕಡೆಗೆ ಹೋಗುತ್ತದೆ. ಮೇಲಿನ ಸಾಲಿನಲ್ಲಿ ಮಂಕುತಿಮ್ಮನ ಕಗ್ಗ. ಅದರ ಪಕ್ಕದಲ್ಲಿ, ಎಲ್ಲರೂ ಗೌರವಿಸುವ ಮತ್ತು ಯಾರೂ ಕೊನೆಮುಟ್ಟಿಸದ ಶ್ರೀ ರಾಮಾಯಣ ದರ್ಶನಂ. ತ್ರಿವೇಣಿಯವರ ಎರಡು ಕಾದಂಬರಿ, ಭೈರಪ್ಪನವರ ನಾಲ್ಕು, ಎಂದಿನದೋ ಒಂದು ಪಂಚಾಂಗ. ಕೆಳಗಿನ ಸಾಲಿನಲ್ಲಿ, ಡಾಕ್ಟರ ಮನೆಯಾದರೆ ಗ್ರೇ ಅವರ ಅನಾಟಮಿ, ಇಂಜಿನಿಯರ ಮನೆಯಾದರೆ ಟಿಮೊಶೆಂಕೊ. ಕನ್ನಡದ ಮಕ್ಕಳ ಪುಸ್ತಕ ಮಾತ್ರ ಹುಡುಕಿದರೂ ಸಿಗದು. ಕಾರಣ ಗೊತ್ತಿರುವುದೇ. ತಲೆಗೆ ಇಪ್ಪತ್ತು ಕಿಲೋ ಸಾಮಾನು, ಜೇಬಿಗೆ ಎಂಟು ಡಾಲರು ಎಂಬ ಲೆಕ್ಕದಲ್ಲಿ ವಿಮಾನ ಹತ್ತಿದ ಕಾಲದವರು ನಾವು. ಆ ಇಪ್ಪತ್ತು ಕಿಲೋದಲ್ಲಿ ಪ್ರೆಶರ್ ಕುಕ್ಕರು, ಸಾರಿನ ಪುಡಿ, ಡಿಗ್ರಿ ಸರ್ಟಿಫಿಕೇಟುಗಳ ಫೈಲು, ಮದುವೆಯ ಆಲ್ಬಂ ಇಷ್ಟಕ್ಕೇ ಜಾಗ ಸಾಲದು. ಮಕ್ಕಳೇ ಇನ್ನೂ ಹುಟ್ಟಿರಲಿಲ್ಲ. ಮಕ್ಕಳ ಪುಸ್ತಕ ಯಾರು ತಂದಾರು?

ಅಂಥ ಪುಸ್ತಕವೊಂದು ಕಳೆದ ವರ್ಷ ನಮ್ಮ ಬೀರುವಿಗೆ ಬಂದಿತು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಈಗ ಬೆಂಗಳೂರಿನಲ್ಲಿ ಬೊಮ್ಮನಹಳ್ಳಿ ಎಂದರೆ ಹೊಸೂರು ರಸ್ತೆಯ ವಾಹನ ಸಂದಣಿ ಎಂದೇ ಅರ್ಥ. ನಾವು ಹೇಳುತ್ತಿರುವುದು ತುಂಗೆಯ ದಡದ ಬೊಮ್ಮನಹಳ್ಳಿ, ಇಲಿಗಳ ಬೊಮ್ಮನಹಳ್ಳಿ.

'ನಾವು' ಎಂದರೆ ಗಂಡ ಹೆಂಡಿರಿಬ್ಬರು. ೧೯೭೧ರಲ್ಲಿ ಡಿಟ್ರಾಯಿಟಿಗೆ ಬಂದು, ಪೆಟ್ರೋಲಿನ ಬಿಕ್ಕಟ್ಟಿನಲ್ಲಿ ಕಾರು ಕಾರ್ಖಾನೆಯ ಕೆಲಸ ಕರಗಿದ ಮೇಲೆ ೧೯೭೪ರಿಂದ ಈ ಡೆಸ್ ಪ್ಲೇನ್ಸಿನಲ್ಲಿ ಬೇರು ಬಿಟ್ಟವರು. ನಮ್ಮಲ್ಲಿ ಶ್ರೀಮತಿಯವರು ತೀರ್ಥಹಳ್ಳಿಯ ಕಡೆಯವರು, ಯಜಮಾನರು ಚಿತ್ರದುರ್ಗ ಜಿಲ್ಲೆಯವರು. ಮನೆಯಲ್ಲಿ ವಾದ ಎದ್ದಾಗ ಪಕ್ಷಗಳ ಹೆಸರೂ ಅವೇ. ಇಲ್ಲಿಯೂ ಹಾಗೆಯೇ ಕರೆದುಕೊಳ್ಳುತ್ತೇವೆ.

ಈ ಪುಸ್ತಕವನ್ನು ಇಬ್ಬರೂ ಚಿಕ್ಕಂದಿನಲ್ಲಿ ಕಂಡವರೇ, ಆದರೆ ಕಂಡದ್ದು ಒಂದೇ ಪುಸ್ತಕವಲ್ಲ. ತೀರ್ಥಹಳ್ಳಿಯವರಿಗೆ ಅದನ್ನು ಓದಿ ಹೇಳುತ್ತಿದ್ದವರು ಅವರ ತಂದೆ. ಆಷಾಢದ ಮಳೆ, ಸೀಮೆಎಣ್ಣೆಯ ಲಾಟೀನು, ಮನೆಯ ಕೆಳಗಡೆ ಕೆಂಪಗೆ ತುಂಬಿ ಹರಿಯುವ ತುಂಗೆಯ ಸದ್ದು. ಇಲಿಗಳೆಲ್ಲ ಹೊಳೆಗೆ ಹಾರಿದವು ಎಂದರೆ ಯಾವ ಹೊಳೆ ಎಂದು ಕೇಳಬೇಕಾಗಿಯೇ ಇರಲಿಲ್ಲ. ಚಿತ್ರದುರ್ಗದವರಿಗೆ ಕಥೆ ಸಿಕ್ಕಿದ್ದು ಪ್ರೈಮರಿ ಶಾಲೆಯ ಮೇಷ್ಟರ ಬಾಯಿಂದ. ಆ ಊರಿನ ಹಳ್ಳದಲ್ಲಿ ವರ್ಷಕ್ಕೆ ಹತ್ತು ತಿಂಗಳು ಮರಳು. ಅಷ್ಟು ಇಲಿಗಳು ಮುಳುಗುವ ನೀರನ್ನು ಕಂಡರಿಯದ ಹುಡುಗ, ಅವೆಲ್ಲ ಊರ ಮುಂದಿನ ಸೇದುವ ಬಾವಿಗೆ ಬಿದ್ದವೆಂದು ತೀರ್ಮಾನಿಸಿಕೊಂಡು ವಾರಗಟ್ಟಲೆ ಆ ಬಾವಿಯ ನೀರು ಕುಡಿಯಲಿಲ್ಲವಂತೆ. ಆದರೆ ಇಲಿಯ ಕಾಟ ಏನೆಂಬುದನ್ನು ಅವರಿಗೆ ಕವಿ ವಿವರಿಸಬೇಕಾಗಿರಲಿಲ್ಲ. ರಾಗಿ ತುಂಬಿಟ್ಟ ಹಗೇವಿಗೆ ಇಲಿ ಬಿದ್ದರೆ ಮನೆಯ ಹಿರಿಯರ ಮುಖ ಹೇಗಾಗುತ್ತದೆಂಬುದನ್ನು ನೋಡಿ ಬೆಳೆದವರು.

ಜೋಗಿಯೂ ಇಬ್ಬರಿಗೂ ಗೊತ್ತಿದ್ದವನೇ. ಸುಗ್ಗಿ ಮುಗಿದ ಮೇಲೆ ಕಾವಿಯುಟ್ಟು, ಸೋರೆಬುರುಡೆಯ ಕಿನ್ನರಿ ಮೀಟುತ್ತ, ಪಾಂಡವರ ಕಥೆಯ ಪದ ಹೇಳಿಕೊಂಡು ಬಾಗಿಲಿಗೆ ಬರುತ್ತಿದ್ದ. ಮೊರದ ತುಂಬ ಕಾಳು ತಂದು ಹಾಕುವ ತಾಯಿಯ ಸೆರಗಿನ ಹಿಂದೆ ನಿಂತು ಅವನನ್ನು ನೋಡುವುದೇ ಒಂದು ಭಯ, ಒಂದು ಸುಖ. "ಹಟ ಮಾಡಿದರೆ ಜೋಗಪ್ಪನ ಜೋಳಿಗೆಗೆ ಹಾಕಿಬಿಡ್ತೀನಿ" ಎಂಬುದು ಆ ಕಾಲದ ಎಲ್ಲ ತಾಯಂದಿರ ಬ್ರಹ್ಮಾಸ್ತ್ರ. ಆದ್ದರಿಂದ ಪುಸ್ತಕದಲ್ಲಿ ಜೋಗಿಯ ಹಿಂದೆ ಊರಿನ ಮಕ್ಕಳೆಲ್ಲ ಕುಣಿದುಕೊಂಡು ಹೊರಟುಬಿಡುತ್ತಾರಲ್ಲ, ಅದು ನಮಗೆ ದುಃಖದ ಸಂಗತಿಯಾಗಿ ತೋರಲೇ ಇಲ್ಲ. ಅಲ್ಲಿಗೆ ಹೋಗಲಾರದ ಮನೆಯ ಮಕ್ಕಳು ನಾವೆಂದು ಹೊಟ್ಟೆಕಿಚ್ಚು ಪಟ್ಟಿದ್ದೆವು. ಬೆಟ್ಟ ಬಾಯಿ ತೆರೆಯುವುದೆಂದರೇನು, ಒಳಗೆ ಏನೇನಿರಬಹುದು ಎಂಬುದರ ಮೇಲೆ ನಿದ್ದೆ ಬರುವ ತನಕ ಕನಸು ಕಟ್ಟುವುದು. ಮಾತು ಕೊಟ್ಟು ತಪ್ಪಿದ ಗೌಡನಿಗೆ ಹಾಗೇ ಆಗಬೇಕು ಎಂದು ತೀರ್ಪು ಕೊಡುವುದು. ಅಲ್ಲಿಗೆ ಪುಸ್ತಕ ಮುಚ್ಚುತ್ತಿತ್ತು.

ಇಲ್ಲಿಗೆ ಬಂದು ಮಗಳು ಹುಟ್ಟಿ, ಅವಳಿಗೆ ಮಲಗುವಾಗ ಕಥೆ ಬೇಕಾದಾಗ, ಪುಸ್ತಕವಿಲ್ಲದೆಯೇ ಕಿಂದರಿಜೋಗಿ ಮತ್ತೆ ಬಂದ. ನೆನಪಿದ್ದ ಸಾಲುಗಳ ನಡುವಿನ ಜಾಗವನ್ನು ಇಬ್ಬರೂ ತಮಗೆ ತೋಚಿದಂತೆ ತುಂಬಿದೆವು. ಚಿತ್ರದುರ್ಗದವರ ಪಾಳಿಯಾದರೆ ಇಲಿಗಳ ಮೆರವಣಿಗೆಯೇ ಮುಕ್ಕಾಲು ಗಂಟೆ. ಅದರಲ್ಲಿ ಓಹೇರ್ ವಿಮಾನ ನಿಲ್ದಾಣದಿಂದ ಹೊರಟ ಇಲಿಗಳೂ ಇರುತ್ತಿದ್ದವು, ಲೀ ರಸ್ತೆಯ ಮೆಕ್ಡೊನಾಲ್ಡಿನಲ್ಲಿ ಆಲೂಗಡ್ಡೆ ತಿಂದು ಕೊಬ್ಬಿದ ಇಲಿಗಳೂ ಇರುತ್ತಿದ್ದವು. (ರೇ ಕ್ರಾಕ್ ೧೯೫೫ರಲ್ಲಿ ತೆರೆದ ಅಂಗಡಿ ಅಲ್ಲಿದ್ದದ್ದು ಎಂಬುದು ನಮ್ಮ ಊರಿನ ಹೆಮ್ಮೆ, ಈಗ ಆ ಕಟ್ಟಡವೂ ಇಲ್ಲ, ಅದರ ನೆನಪಿಗೆ ಕಟ್ಟಿದ್ದ ನಕಲೂ ಇಲ್ಲ.) ತೀರ್ಥಹಳ್ಳಿಯವರ ಪಾಳಿಯಾದರೆ ಹೊಳೆಯದೇ ಕಥೆ. ೧೯೮೬ರಲ್ಲಿ ಡೆಸ್ ಪ್ಲೇನ್ಸ್ ನದಿ ಉಕ್ಕಿ ಊರೊಳಗೆ ನುಗ್ಗಿದಾಗ, ನಮ್ಮ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತು ಏಳು ವರ್ಷದ ಮಗ ಕೇಳಿದ್ದು ಒಂದೇ ಪ್ರಶ್ನೆ: "ಜೋಗಿಯ ಇಲಿಗಳು ಈಜಿಕೊಂಡು ವಾಪಸು ಬರುತ್ತವಾ?"

ಅದಕ್ಕೂ ಮೊದಲು, ೧೯೮೦ರ ಸುಮಾರಿನಲ್ಲಿ, ಎರಡನೆಯ ತರಗತಿಯಲ್ಲಿದ್ದ ಮಗಳು ಒಂದು ಸಂಜೆ ಶಾಲೆಯಿಂದ ಕೆಂಪು ಮುಖ ಮಾಡಿಕೊಂಡು ಬಂದಳು. "ಅಮ್ಮಾ, ನಮ್ಮ ಟೀಚರು ನಿಮ್ಮ ಕಥೆ ಕದ್ದುಬಿಟ್ಟಿದ್ದಾರೆ. ಜೋಗಿ ಕೈಗೆ ಪೀಪಿ ಕೊಟ್ಟಿದ್ದಾರೆ!" ಹೊಳೆಯ ಹೆಸರನ್ನೂ ಬದಲಾಯಿಸಿದ್ದಾರೆ, ಅದು ತುಂಗಾ ಎಂದು ಎದ್ದು ನಿಂತು ಹೇಳಿದರೂ ಕೇಳಲಿಲ್ಲ ಎಂದು ಅಳು ಬೇರೆ. ಸಮಾಧಾನ ಮಾಡಲೆಂದು ಅವಳನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ರಾಬರ್ಟ್ ಬ್ರೌನಿಂಗ್ ೧೮೪೨ರಲ್ಲಿ ಪ್ರಕಟಿಸಿದ ಮೂಲ ಕವಿತೆಯನ್ನು, ೧೮೮೮ರಲ್ಲಿ ಕೇಟ್ ಗ್ರೀನವೇ ಬರೆದ ಚಿತ್ರಗಳ ಸಮೇತ, ತೆಗೆದುಕೊಟ್ಟೆವು. ಖಾಯಿಲೆ ಬಿದ್ದಿದ್ದ ಒಬ್ಬ ನಟನ ಮಗನಿಗೆ ಚಿತ್ರ ಬರೆಯಲು ವಸ್ತುವಾಗಲಿ ಎಂದು ಬ್ರೌನಿಂಗ್ ಅದನ್ನು ರಚಿಸಿದನಂತೆ. ಮಗಳು ಪುಟ ತಿರುಗಿಸಿ ನೋಡಿ, "ಚೆನ್ನಾಗಿದೆ, ಆದರೆ ಇದು ಅನುವಾದ" ಎಂದಳು. ಈಗ ಅವಳೂ ಐವತ್ತು ದಾಟಿದ್ದಾಳೆ. ಆ ಅಭಿಪ್ರಾಯ ಬದಲಾಗಿಲ್ಲ.

ಇಷ್ಟಾದ ಮೇಲೂ ಪುಸ್ತಕ ನಮ್ಮ ಕೈಗೆ ಬಂದಿರಲಿಲ್ಲ. ಬಂದದ್ದು ಕಳೆದ ವರ್ಷ, ತೀರ್ಥಹಳ್ಳಿಯವರ ತಮ್ಮ ಯಾರದೋ ಪೆಟ್ಟಿಗೆಯಲ್ಲಿ ಅಡಿಕೆ ಮತ್ತು ಮಿಡಿ ಉಪ್ಪಿನಕಾಯಿಯ ನಡುವೆ ಸೇರಿಸಿ ಕಳಿಸಿದಾಗ. ತಂದೆಯವರು ಓದಿ ಹೇಳುತ್ತಿದ್ದ ಅದೇ ಪ್ರತಿ. ರಟ್ಟು ಹೋಗಿ ಖಾಕಿ ಕಾಗದ ಬಂದಿದೆ. ಅಂಚಿನಲ್ಲಿ ಗೆದ್ದಲು ರುಚಿ ನೋಡಿದೆ. ಒಳಗೆ ಮೂರು ತಲೆಮಾರಿನ ಬಣ್ಣದ ಪೆನ್ಸಿಲು. ಎಷ್ಟು ತೆಳ್ಳಗಿದೆ! ನಮ್ಮ ನೆನಪಿನಲ್ಲಿ ಅದು ಮಹಾಭಾರತದಷ್ಟು ಗಾತ್ರಕ್ಕೆ ಬೆಳೆದಿತ್ತು. ಅಡಿಗೆಮನೆಯ ಮೇಜಿನ ಮುಂದೆ ಕೂತು ಕಾಫಿ ಆರುವುದರೊಳಗೆ ಓದಿ ಮುಗಿಸಿದೆವು, ಮುಗಿಸಿ ಮತ್ತೆ ಮೊದಲಿನಿಂದ ಹಿಡಿದೆವು.

ಎರಡನೆಯ ಸಲ ಓದುವಾಗ ಕವಿಯ ಕೈಚಳಕ ಕಂಡಿತು. ಕುವೆಂಪು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. ೧೯೨೨ರಲ್ಲಿ ಅವರ ಇಂಗ್ಲಿಷ್ ಕವಿತೆಗಳ ಪುಸ್ತಕವೇ ಬಂದಿತ್ತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅದನ್ನು ನೋಡಿ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದದ್ದು ಎಲ್ಲರಿಗೂ ತಿಳಿದ ಸಂಗತಿ. ಇಂಗ್ಲಿಷಿನಿಂದ ಮನೆಗೆ ಮರಳಿದ ಮನುಷ್ಯ ಹ್ಯಾಮೆಲಿನ್ ಪಟ್ಟಣವನ್ನೂ ಜೊತೆಗೇ ಕರೆದುಕೊಂಡು ಬಂದಹಾಗಿದೆ. ಮೇಯರು ಗೌಡನಾದ, ವೇಸರ್ ನದಿ ತುಂಗೆಯಾಯಿತು. ಎಲ್ಲಕ್ಕಿಂತ ಮಿಗಿಲಾದದ್ದು, ಕೊಳಲು ಕಿಂದರಿಯಾದದ್ದು. ಕೊಳಲು ಎಂದಿದ್ದರೆ ಕನ್ನಡದ ಮಗುವಿಗೆ ಕೃಷ್ಣ ನೆನಪಾಗುತ್ತಿದ್ದ. ಕೃಷ್ಣನ ಹಿಂದೆ ಹೋದರೆ ಭಯವೆಲ್ಲಿಯದು? ಬಾಗಿಲಿಗೆ ಬರುವ ಜೋಗಿಯ ಕೈಯ ವಾದ್ಯವೇ ಬೇಕಾಗಿತ್ತು. ಗಡಿ ದಾಟಿ ಬಂದ ಕಥೆಯೊಂದು ಇಷ್ಟು ಚೆನ್ನಾಗಿ ನೆಲೆ ನಿಂತದ್ದನ್ನು ಕಂಡು, ಐವತ್ತು ವರ್ಷದಿಂದ ಇಲ್ಲಿ ನೆಲೆ ನಿಲ್ಲಲು ಹೆಣಗುತ್ತಿರುವ ನಮಗೆ ಸ್ವಲ್ಪ ಅಸೂಯೆಯೇ ಆಯಿತು.

ಆದರೆ ಮಕ್ಕಳು ಹೊರಡುವ ಭಾಗಕ್ಕೆ ಬಂದಾಗ ಇಬ್ಬರೂ ಓದು ನಿಲ್ಲಿಸಿದೆವು. ಎಪ್ಪತ್ತು ವರ್ಷದ ಹಿಂದೆ ನಾವು ಮಕ್ಕಳ ಜೊತೆ ಕುಣಿಯುತ್ತ ಬೆಟ್ಟದ ಕಡೆ ಓಡಿದ್ದ ಜಾಗ ಅದು. ಈಗ ಕಣ್ಣು ಆ ಕಡೆ ಹೋಗಲೊಲ್ಲದು. ಹಿಂದೆ ಉಳಿದ ಊರಿನ ಕಡೆಗೇ ತಿರುಗುತ್ತದೆ. ಬ್ರೌನಿಂಗನ ಕವಿತೆಯಲ್ಲಿ ದೊಡ್ಡವರೆಲ್ಲ ಮರದ ಕೊರಡುಗಳಂತೆ ನಿಂತುಬಿಡುತ್ತಾರೆ, ಕೂಗಲೂ ಆಗದೆ, ಹೆಜ್ಜೆ ಕಿತ್ತಿಡಲೂ ಆಗದೆ. ೧೯೭೧ರಲ್ಲಿ ಶಿವಮೊಗ್ಗ ಸ್ಟೇಷನ್ನಿನಲ್ಲಿ ಹಾಗೆ ನಿಂತವರನ್ನು ನಾವು ಕಂಡಿದ್ದೇವೆ. ಓದುಗರಲ್ಲಿ ಬಹುಮಂದಿ ತಮ್ಮ ತಮ್ಮ ಸ್ಟೇಷನ್ನಿನಲ್ಲಿ ಕಂಡಿದ್ದೀರಿ. ತಾಯಿ ಯಾವಾಗ ಬರುತ್ತೀರಿ ಎಂದು ಕೇಳಲಿಲ್ಲ. "ಅಲ್ಲಿ ಚಳಿ ಜಾಸ್ತಿಯಂತೆ" ಎಂದಷ್ಟೇ ಹೇಳಿದರು. ತಂದೆ ಅದನ್ನೂ ಹೇಳಲಿಲ್ಲ. ೧೯೮೩ರಲ್ಲಿ ಅವರು ತೀರಿಕೊಂಡ ತಂತಿ ನಮಗೆ ಮುಟ್ಟುವ ಹೊತ್ತಿಗೆ ಬೂದಿಯನ್ನು ಹೊಳೆಗೆ ಬಿಟ್ಟಾಗಿತ್ತು. ಅದೇ ತುಂಗೆಗೆ. ಈಗ ನಾವು ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರು.

ಆ ರಾತ್ರಿಯಿಂದ ಚಿತ್ರದುರ್ಗದವರಿಗೆ ಹ್ಯಾಮೆಲಿನ್ನಿನ ಹುಚ್ಚು ಹಿಡಿಯಿತು. ನಿವೃತ್ತರಿಗೆ ಕೆಲಸ ಬೇಕಲ್ಲ. ಎಲಿನ್‌ವುಡ್ ರಸ್ತೆಯ ನಮ್ಮ ಗ್ರಂಥಾಲಯಕ್ಕೆ ಹೋಗಿ ಕೂರುವುದು, ಸಂಜೆ ಬಂದು ವರದಿ ಒಪ್ಪಿಸುವುದು. ಅವರು ತಂದ ಸಂಗತಿಗಳು ಹೀಗಿವೆ. ಹ್ಯಾಮೆಲಿನ್ ಜರ್ಮನಿಯಲ್ಲಿ ನಿಜವಾಗಿಯೂ ಇರುವ ಊರು. ಸುಮಾರು ೧೪೫೦ರ ಒಂದು ಲ್ಯಾಟಿನ್ ಬರಹದಲ್ಲಿ, ೧೨೮೪ನೆಯ ಇಸವಿ ಜೂನ್ ೨೬ರಂದು ಆ ಊರಿನ ೧೩೦ ಮಕ್ಕಳು, ಒಳ್ಳೆಯ ಬಟ್ಟೆ ತೊಟ್ಟು ಬೆಳ್ಳಿಯ ಕೊಳಲೂದುತ್ತ ಬಂದ ಒಬ್ಬ ಯುವಕನ ಹಿಂದೆ ಹೋಗಿ ಕಾಣದಾದರು ಎಂದಿದೆ. ಅಲ್ಲಿ ಒಂದು ಇಲಿಯೂ ಇಲ್ಲ! ಇಲಿಗಳು ಕಥೆಯೊಳಗೆ ನುಸುಳಿದ್ದು ಹದಿನಾರನೆಯ ಶತಮಾನದಲ್ಲಿ. ಮಕ್ಕಳು ಹೋದರೆನ್ನುವ ಬೀದಿ ಇಂದಿಗೂ ಅಲ್ಲಿದೆ. ಆ ಬೀದಿಯಲ್ಲಿ ಡೋಲು ಬಡಿಯುವಂತಿಲ್ಲ, ವಾದ್ಯ ನುಡಿಸುವಂತಿಲ್ಲ. ಮದುವೆಯ ದಿಬ್ಬಣವೂ ಅಲ್ಲಿಗೆ ಬಂದಾಗ ಸದ್ದು ನಿಲ್ಲಿಸಿ ನಡೆಯಬೇಕು.

ಆ ಮಕ್ಕಳಿಗೆ ಏನಾಯಿತು ಎಂಬುದಕ್ಕೆ ವಿದ್ವಾಂಸರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪಿಡುಗು ಎನ್ನುವವರುಂಟು, ಯುದ್ಧ ಎನ್ನುವವರುಂಟು. ಹಲವರು ಒಪ್ಪುವ ಒಂದು ವಾದ ಕೇಳಿದಾಗ ಮಾತ್ರ ತೀರ್ಥಹಳ್ಳಿಯವರು ಸೌಟು ಕೆಳಗಿಟ್ಟರು. ಆ ಶತಮಾನದಲ್ಲಿ ಪೂರ್ವದ ಕಡೆಯ ಹೊಸ ಸೀಮೆಗಳಲ್ಲಿ ಜನ ಬೇಕಾಗಿದ್ದರು. ಅಲ್ಲಿನ ಪ್ರಭುಗಳ ಕಡೆಯ ಏಜೆಂಟರು ಬಣ್ಣದ ಬಟ್ಟೆ ತೊಟ್ಟು, ವಾದ್ಯ ನುಡಿಸಿ ಜನ ಸೇರಿಸಿ, ಭೂಮಿ ಕೊಡುತ್ತೇವೆ ಸುಂಕವಿಲ್ಲ ಎಂದು ಆಸೆ ಹುಟ್ಟಿಸಿ ಹರೆಯದವರನ್ನು ಕರೆದೊಯ್ಯುತ್ತಿದ್ದರು. 'ಊರ ಮಕ್ಕಳು' ಎಂದರೆ ನಮ್ಮ ಕನ್ನಡದಲ್ಲಿ ಇರುವಂತೆಯೇ ಊರಿನವರು ಎಂದೂ ಅರ್ಥ. ಉಡೊಲ್ಫ್ ಎಂಬ ಜರ್ಮನ್ ಭಾಷಾಪಂಡಿತರು ಹ್ಯಾಮೆಲಿನ್ ಕಡೆಯ ಊರ ಹೆಸರುಗಳನ್ನು ಹೋಲುವ ಹೆಸರುಗಳನ್ನು ಬ್ರಾಂಡೆನ್‌ಬುರ್ಗ್, ಪೊಮೆರೇನಿಯಾಗಳ ಕಡೆ ಗುರುತಿಸಿ ತೋರಿಸಿದ್ದಾರೆ. ಅಂದರೆ ಆ ಮಕ್ಕಳನ್ನು ಬೆಟ್ಟ ನುಂಗಲಿಲ್ಲ. ವಲಸೆ ಹೋದರು.

ಇಲ್ಲಿಂದ ಮುಂದೆ ನಮ್ಮಲ್ಲಿ ಭಿನ್ನಾಭಿಪ್ರಾಯ. "ನಮ್ಮ ಜೋಗಿ ಯಾರು ಹಾಗಾದರೆ? ೧೯೬೫ರ ಕಾನೂನೇ" ಎಂಬುದು ಚಿತ್ರದುರ್ಗದ ಪಕ್ಷ. ಅದಕ್ಕೆ ಮುಂಚೆ ಇಡೀ ಭಾರತಕ್ಕೆ ವರ್ಷಕ್ಕೆ ನೂರು ಜನರ ಕೋಟಾ ಇತ್ತು. ಆ ಅಕ್ಟೋಬರಿನಲ್ಲಿ ಜಾನ್ಸನ್ ರುಜು ಹಾಕಿದ ಮೇಲೆ ಡಾಕ್ಟರು, ಇಂಜಿನಿಯರುಗಳಿಗೆ ಬೆಟ್ಟದ ಬಾಗಿಲು ತೆರೆಯಿತು. ಮೈಸೂರು, ದಾವಣಗೆರೆ, ಸುರತ್ಕಲ್ಲುಗಳಿಂದ ಕಾಲೇಜು ಮುಗಿಸಿದವರೆಲ್ಲ ಹೊರಟರು. ತೀರ್ಥಹಳ್ಳಿಯ ಪಕ್ಷ ಇದನ್ನು ಒಪ್ಪುವುದಿಲ್ಲ. "ನಮಗೆ ಯಾರು ರೀ ಕಿಂದರಿ ಬಾರಿಸಿದರು? ಮಾರ್ಕ್ಸ್ ಕಾರ್ಡು ಟೈಪು ಮಾಡಿಸಿಕೊಂಡು, ಮೂರು ಮೂರು ಪ್ರತಿ ಅರ್ಜಿ ಹಾಕಿಕೊಂಡು, ಎಕ್ಸ್‌ರೇ ತೆಗೆಸಿಕೊಂಡು ಮದ್ರಾಸಿನ ಕಾನ್ಸುಲೇಟಿನ ಮುಂದೆ ಕಾದವರು ನಾವು. ಮೈಮರೆತು ಬಂದವರಲ್ಲ, ಎಚ್ಚರವಿದ್ದು ಬಂದವರು." ಈ ವಾದ ಇನ್ನೂ ಇತ್ಯರ್ಥವಾಗಿಲ್ಲ. ಗೌಡನ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು: ಕಂಟ್ರಾಕ್ಟನ್ನು ಬಾಯಿಮಾತಿನಲ್ಲಿ ಬಿಡಬಾರದಾಗಿತ್ತು, ಬರೆಸಿಕೊಳ್ಳಬೇಕಾಗಿತ್ತು.

ಪುಸ್ತಕ ತಲುಪಿದ ಸುದ್ದಿ ತಿಳಿಸಲು ತಮ್ಮನಿಗೆ ಫೋನು ಮಾಡಿದಾಗ ಈ ಸಂಶೋಧನೆಯನ್ನೆಲ್ಲ ಚಿತ್ರದುರ್ಗದವರು ಅವನಿಗೂ ಒಪ್ಪಿಸಿದರು. ಅವನ ವಿಷಯ ಒಂದು ಮಾತು ಹೇಳಬೇಕು. ಬಿ.ಎಸ್‌ಸಿ. ಮುಗಿಸಿದ ಹುಡುಗ. ತೋಟ ನೋಡಿಕೊಳ್ಳುವವರು, ತಂದೆತಾಯಿಯ ಹತ್ತಿರ ಇರುವವರು ಒಬ್ಬರಾದರೂ ಬೇಕಲ್ಲ ಎಂದು ಊರಲ್ಲಿ ಉಳಿದ. ಅಡಿಕೆಗೆ ಕೊಳೆರೋಗ ಬಂದ ವರ್ಷಗಳೂ ಅವನವೇ, ಆಸ್ಪತ್ರೆಯ ರಾತ್ರಿಗಳೂ ಅವನವೇ, ಕೊಳ್ಳಿಯಿಟ್ಟ ಕೈಯೂ ಅವನದೇ. ನಾವು ಮೂರು ನಾಲ್ಕು ವರ್ಷಕ್ಕೊಮ್ಮೆ ಟ್ಯಾಂಗ್ ಡಬ್ಬಿ, ಉಗುರು ಕತ್ತರಿ, ಪೋಲರಾಯ್ಡು ಹೊತ್ತುಕೊಂಡು ಇಳಿದಾಗ ಬೆಂಗಳೂರಿನ ತನಕ ಟ್ಯಾಕ್ಸಿ ತಂದು ಕಾಯುತ್ತಿದ್ದವನೂ ಅವನೇ.

ಎಲ್ಲವನ್ನೂ ಕೇಳಿಸಿಕೊಂಡು ಅವನೆಂದ: "ಭಾವ, ಅದೆಲ್ಲ ಸರಿ. ಆದರೆ ಹೋದ ಹುಡುಗರು ಒಬ್ಬರೂ ವಾಪಸು ಬಂದು ಕಥೆ ಹೇಳಲಿಲ್ಲವಲ್ಲ? ಹೇಳಿದವನು ಆ ಕುಂಟ. ಅವನು ಉಳಿದದ್ದಕ್ಕೆ ಕಥೆ ಉಳೀತು."

ಈ ಕಡೆ ಇಬ್ಬರಿಗೂ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಕ್ಕ, "ನೀನು ಯಾಕೋ ಕುಂಟ ಆಗ್ತೀಯ?" ಎಂದರು.

"ತೋಟಕ್ಕೆ ಔಷಧಿ ಹೊಡೆದು ಹೊಡೆದು ಮೊಣಕಾಲು ಹೋಗಿದೆ ಅಕ್ಕಾ. ಪೂರ್ತಿ ಸುಳ್ಳೂ ಅಲ್ಲ" ಎಂದು ನಕ್ಕ.

ಆ ಕುಂಟ ಹುಡುಗನನ್ನು ಮರೆತು ಈ ಕಥೆ ಓದುವುದು ಈಗ ನಮ್ಮಿಂದ ಸಾಧ್ಯವಿಲ್ಲ. ಬ್ರೌನಿಂಗನಲ್ಲಿ ಅವನು ಆ ನಾದ ಏನೇನು ಭಾಷೆ ಕೊಟ್ಟಿತೆಂದು ವರ್ಣಿಸುತ್ತಾನೆ: ಚಿಮ್ಮುವ ನೀರು, ಹಣ್ಣಿನ ಮರಗಳು, ಮುಳ್ಳಿಲ್ಲದ ಜೇನುಹುಳು, ರೆಕ್ಕೆಯಿರುವ ಕುದುರೆ. ಅಲ್ಲಿ ಹೋದರೆ ತನ್ನ ಕಾಲೂ ನೆಟ್ಟಗಾಗುತ್ತದೆಂಬ ಭರವಸೆ. ಬೆಟ್ಟದೊಳಗೆ ನಿಜವಾಗಿ ಏನಿತ್ತೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಅವನ ಪಾಲಿಗೆ ಬಂದದ್ದು ಆ ಭಾಷೆ ಮಾತ್ರ. ಬೆಟ್ಟದ ಒಳಗೆ ಇದ್ದದ್ದು ಹೋದವರ ಪಾಲಿಗೆ. ೧೯೭೩ರಲ್ಲಿ ನಮ್ಮ ಇಂಪಾಲಾ ಕಾರಿಗೆ ಒರಗಿ ನಿಂತು ತೆಗೆಸಿದ ಫೋಟೋ ತೀರ್ಥಹಳ್ಳಿಯ ಮನೆಯ ಗೋಡೆಯ ಮೇಲೆ ಇಂದಿಗೂ ಇದೆ. ಅದೇ ಕಾರನ್ನು ಜನವರಿಯ ಬೆಳಗಿನ ಜಾವ ಐವರು ಸೇರಿ ಹಿಮದಲ್ಲಿ ತಳ್ಳಿದ ಫೋಟೋ ಯಾರೂ ತೆಗೆಯಲಿಲ್ಲ. ಕೆಲಸ ಹೋದ ವರ್ಷದ ಏರೋಗ್ರಾಮುಗಳಲ್ಲಿ ನಾವೆಲ್ಲ ಕ್ಷೇಮ ಎಂದೇ ಇರುತ್ತಿತ್ತು. ತಂದೆಗೆ ಮೂತ್ರಪಿಂಡದ ತೊಂದರೆ ಶುರುವಾದ ವರ್ಷದ ಅವರ ಕಾಗದಗಳಲ್ಲಿಯೂ ಅದೇ ಇತ್ತು. ಎರಡು ಕಡೆಯವರೂ ಒಬ್ಬರನ್ನೊಬ್ಬರು ಚೆನ್ನಾಗಿ ಸಾಕಿದೆವು.

ಮೊಮ್ಮಗನಿಗೆ ಒಂಬತ್ತು ವರ್ಷ. ಭಾನುವಾರದ ಕನ್ನಡ ತರಗತಿಯಲ್ಲಿ ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿದ್ದಾನೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಈ ಪುಸ್ತಕದ ನಾಲ್ಕು ಪುಟ ದಾಟಿದ್ದಾನೆ, ಮಿಕ್ಕದ್ದನ್ನು ಅಜ್ಜಿಯಿಂದ ಓದಿಸಿಕೊಂಡ. ಮುಗಿದ ಮೇಲೆ ಅವನು ಗೌಡನ ಗೋಜಿಗೆ ಹೋಗಲಿಲ್ಲ, ಕುಂಟನ ಗೋಜಿಗೂ ಹೋಗಲಿಲ್ಲ. "ಅವರು ಬೆಟ್ಟದ ಆ ಕಡೆಯಿಂದ ಹೊರಗೆ ಬಂದಿರಬೇಕಲ್ಲ ಅಜ್ಜೀ, ಎಲ್ಲಿಗೆ ಬಂದರು?" ಎಂದ.

ಬ್ರೌನಿಂಗನಿಗೂ ಆ ಪ್ರಶ್ನೆ ಕಾಡಿರಬೇಕು. ಅವನ ಕವಿತೆಯ ಕೊನೆಯಲ್ಲಿ, ಬಹಳ ದೂರದ ಟ್ರಾನ್ಸಿಲ್ವೇನಿಯಾ ಎಂಬ ನಾಡಿನಲ್ಲಿ ಒಂದು ಪಂಗಡದ ಜನ ಇದ್ದಾರೆ. ಅವರ ಉಡುಪು ಬೇರೆ, ರೀತಿ ಬೇರೆ, ನೆರೆಹೊರೆಯವರಿಗೆ ಅದೇ ಒಂದು ಮಾತಿನ ವಿಷಯ. ಕ್ರಾಂತಿ ಹಬ್ಬಕ್ಕೆ ನಾವು ಪಂಚೆ ಉಟ್ಟು ಡ್ರೈವ್‌ವೇಯಲ್ಲಿ ಇಳಿದಾಗ ಎದುರು ಮನೆಯವರು ಪರದೆ ಸರಿಸುತ್ತಾರಲ್ಲ, ಹಾಗೆ. ತಮ್ಮ ಹಿರಿಯರು ನೆಲದಡಿಯಿಂದ ಎದ್ದು ಬಂದವರೆಂದು ಆ ಜನ ಹೇಳುತ್ತಾರಂತೆ. ಹೇಗೆ ಬಂದರು, ಏಕೆ ಬಂದರು ಎಂದು ಕೇಳಿದರೆ ಅವರಿಗೇ ತಿಳಿಯದು. ಇದನ್ನು ಮೊಮ್ಮಗನಿಗೆ ಹೇಳಿದಾಗ ಅವನು ಯೋಚಿಸಿ, "ನನಗೆ ಗೊತ್ತು. ನೀವು ಟಿಡಬ್ಲ್ಯೂಏ ಪ್ಲೇನಿನಲ್ಲಿ ಬಂದಿರಿ" ಎಂದ.

ಪುಸ್ತಕವನ್ನು ಹಿಂತಿರುಗಿಸಬೇಕಾಗಿದೆ. ತಮ್ಮನ ಮೊಮ್ಮಗಳು ಈ ವರ್ಷ ಒಂದನೆಯ ತರಗತಿ. ದೀಪಾವಳಿಯೊಳಗೆ ಬೇಕೇ ಬೇಕೆಂದು ಕಟ್ಟಪ್ಪಣೆಯಾಗಿದೆ. ಶಾಂಬರ್ಗಿನ ನಮ್ಮ ಸದಸ್ಯರೊಬ್ಬರು ಅಕ್ಟೋಬರಿನಲ್ಲಿ ಹೊರಟಿದ್ದು, ಸೀರೆಗಳ ನಡುವೆ ಮಡಿಸದಂತೆ ಇಟ್ಟುಕೊಂಡು ಹೋಗಲು ಒಪ್ಪಿದ್ದಾರೆ. ಅದಕ್ಕೆ ಮೊದಲು ನೋಡಬೇಕೆನ್ನುವವರು ಯಾವ ಶನಿವಾರ ಮಧ್ಯಾಹ್ನವಾದರೂ ಮಕ್ಕಳನ್ನು ಕರೆದುಕೊಂಡು ಬರಬಹುದು. ಕಾಫಿ, ಕೋಡುಬಳೆ ಇರುತ್ತದೆ. ಇಲಿಗಳ ಭಾಗವನ್ನು ಚಿತ್ರದುರ್ಗದವರು ಓದುತ್ತಾರೆ. ಬೆಟ್ಟದ ಭಾಗಕ್ಕೆ ತೀರ್ಥಹಳ್ಳಿಯವರೇ ಆಗಬೇಕು. ಚಿತ್ರದುರ್ಗದವರಿಗೆ ಅಲ್ಲಿ ಗಂಟಲು ಕಟ್ಟುತ್ತದೆ.